ರೆಸಿಪಿ ಹುಡುಕುವವರಿಗೆ ದುಡ್ಡು ಸುರಿದೆ

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ವೆಬ್‌ಸೈಟ್ ಮಾಡಿದಾಗ ಮೊದಲ ಪುಟದ ತುಂಬ ಅಜ್ಜಿಯ ಕೈರುಚಿಯನ್ನೇ ಕೊಂಡಾಡಿದ್ದೆ. ಬೆಲೆ ಎಲ್ಲಿದೆ ಅಂತ ನಾನೇ ಹುಡುಕಬೇಕಿತ್ತು! ಫೋಟೋಗಳು ಒಂದೊಂದೂ ನಾಲ್ಕೈದು ಎಂಬಿ. ನಮ್ಮೂರ ನೆಟ್‌ವರ್ಕಿನಲ್ಲಿ ಪುಟ ತೆರೆಯುವಷ್ಟರಲ್ಲಿ ಒಂದು ಕವಳ ಹಾಕಿ ಮುಗಿಸಬಹುದಿತ್ತು.

ಗಿರಾಕಿ ಬರಲಿಲ್ಲ. ಗೂಗಲ್ ಜಾಹೀರಾತಿಗೆ ಕೈಹಾಕಿದೆ. 'ಮ್ಯಾಂಗೋ ಪಿಕಲ್' ಎಂಬ ಪದಕ್ಕೆ ದಿನಕ್ಕೆ 200 ರೂಪಾಯಿ ಇಟ್ಟೆ. ಕ್ಲಿಕ್ ಜೋರಾಗಿ ಬಂದವು, ಆರ್ಡರ್ ಮಾತ್ರ ಇಲ್ಲ. ಹತ್ತು ದಿನ ಬಿಟ್ಟು ಸರ್ಚ್ ಟರ್ಮ್ಸ್ ವರದಿ ತೆರೆದರೆ, ಜಾಸ್ತಿ ಜನ ಹುಡುಕಿದ್ದು 'ಮ್ಯಾಂಗೋ ಪಿಕಲ್ ರೆಸಿಪಿ'. ಅಂದರೆ, ಮನೆಯಲ್ಲೇ ಉಪ್ಪಿನಕಾಯಿ ಹಾಕಲು ಹೊರಟವರನ್ನು ನಾನು ದುಡ್ಡು ಕೊಟ್ಟು ಕರೆಸುತ್ತಿದ್ದೆ! ಇನ್ನು ಕೆಲವರಿಗೆ ಬೇಕಿದ್ದದ್ದು ಆಂಧ್ರದ ಆವಕಾಯ. ಬ್ರಾಡ್ ಮ್ಯಾಚ್ ಅಂತ ಬಿಟ್ಟರೆ ಗೂಗಲ್ ತನಗೆ ಹತ್ತಿರ ಅನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುತ್ತದೆ. ಅದನ್ನು ಫ್ರೇಸ್ ಮ್ಯಾಚ್‌ಗೆ ಬದಲಿಸಿದೆ, ಅಂದರೆ ನಾವು ಕೊಟ್ಟ ಪದದ ಅರ್ಥ ಇರುವ ಹುಡುಕಾಟಕ್ಕೆ ಮಾತ್ರ. 'ರೆಸಿಪಿ', 'ಆವಕಾಯ', 'ಹೌ ಟು' ಎಲ್ಲವನ್ನೂ ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕಿದೆ; ಆ ಪದ ಇದ್ದರೆ ಜಾಹೀರಾತು ತೋರಿಸಬೇಡ ಅಂತ. ಕ್ಲಿಕ್ ಕಡಿಮೆಯಾದವು, ಆರ್ಡರ್ ಶುರುವಾದವು.

ಗೂಗಲ್‌ನದೇ ಸರ್ಚ್ ಕನ್ಸೋಲ್ ಅಂತ ಒಂದು ಸಾಧನ ಇದೆ, ಪುಕ್ಕಟೆ. ಜನ ಏನು ಹುಡುಕಿದಾಗ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂಬ ಲೆಕ್ಕವನ್ನು 16 ತಿಂಗಳವರೆಗೂ ಇಟ್ಟಿರುತ್ತದೆ. ಇದನ್ನು ಮೊದಲೇ ನೋಡಬೇಕಿತ್ತು, ಅಲ್ವಾ? ಅಪ್ಪೆಮಿಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೆಲವರು ಸೇರಿಸಿ ಬರೆಯುತ್ತಾರೆ, ಕೆಲವರು ಬಿಡಿಸಿ. 'ಜೀರಿಗೆ ಮಿಡಿ' ಅಂತ ಕನ್ನಡದಲ್ಲೇ ಕೇಳಿದವರೂ ಇದ್ದರು. ನನ್ನ ಸೈಟಿನಲ್ಲಿ ಆ ಹೆಸರು ಯಾವುದೋ ಮೂಲೆಯಲ್ಲಿ ಒಮ್ಮೆ ಬಂದಿತ್ತು, ಅಷ್ಟೇ. ಜೀರಿಗೆ ಪರಿಮಳದ ಆ ಮಿಡಿಗೆ ಬೇರೆಯೇ ಪುಟ ಮಾಡಿದೆ. ಬೆಲೆ, ತೂಕ, ಅಂಚೆ ವೆಚ್ಚ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಮೇಲೆ ಬಂದವು. ಅಜ್ಜಿ ಕೆಳಗಿಳಿದರು.

ಇನ್ನೊಂದು ತೊಂದರೆ ಇತ್ತು. ಮಿಡಿ ಸಿಗುವುದು ಬೇಸಿಗೆಯ ಶುರುವಿನಲ್ಲಿ ಕೆಲವೇ ವಾರ. ಹಾಕಿದ್ದು ಖಾಲಿಯಾದರೆ ಬಂದ ಗಿರಾಕಿ ಸುಮ್ನೆ ವಾಪಸ್. ಈಗ ಅಲ್ಲಿ 'ಹೊಸದು ಬಂದಾಗ ತಿಳಿಸಿ' ಎಂಬ ಬಟನ್ ಇದೆ, ಒತ್ತಿದರೆ ನನ್ನ ವಾಟ್ಸಾಪ್‌ಗೆ ಬರುತ್ತದೆ. ಅದರಲ್ಲಿ ಬಂದ ಮೊದಲ ಮೆಸೇಜು ಬೆಂಗಳೂರಿನದು: "ಎರಡು ಕೆಜಿ ಇಟ್ಟಿರಿ. ಮಿಡಿ ಕಡಿಮೆಯಾದರೂ ಅಡ್ಡಿಯಿಲ್ಲ, ರಸ ಜಾಸ್ತಿ ಇರಲಿ."