ಚಿಕ್ಕ ಬಾತ್‌ರೂಮಿನಲ್ಲಿ ಟವೆಲ್ ಒಣಗಬೇಕೆಂದರೆ: ಹುಕ್ಕೋ, ರಾಡೋ, ಬಾಗಿಲೋ?

ಚಿಕ್ಕ ಬಾತ್‌ರೂಮಿಗೆ ಹುಕ್ ತರುವುದೋ ರಾಡ್ ತರುವುದೋ ಎಂದು ಯೋಚಿಸುವಾಗ ಹೆಚ್ಚಿನವರು ಗೋಡೆಯಲ್ಲಿ ಎಷ್ಟು ಜಾಗ ಖಾಲಿಯಿದೆ ಎಂದಷ್ಟೇ ನೋಡುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇವತ್ತು ಒದ್ದೆಯಾದ ಟವೆಲ್ ನಾಳೆ ಸ್ನಾನದ ಹೊತ್ತಿಗೆ ಪೂರ್ತಿ ಒಣಗಿರುತ್ತದೆಯೇ? ಪರೀಕ್ಷೆ ಸುಲಭ. ಮರುದಿನ ಸ್ನಾನಕ್ಕೆ ಹೋಗುವ ಮುಂಚೆ ಟವೆಲಿನ ದಪ್ಪ ಅಂಚುಪಟ್ಟಿಯನ್ನೂ ಮಡಿಕೆಯ ಒಳಭಾಗವನ್ನೂ ಬೆರಳಲ್ಲಿ ಒತ್ತಿ ನೋಡಿ. ಮೇಲ್ಮೈ ಒಣಗಿದಂತಿದ್ದು ಅಂಚು ತಣ್ಣಗೆ ಹತ್ತಿದರೆ ಅದು ಒಣಗಿಲ್ಲ. ಹಾಗೆ ದಿನದ ಮೇಲೆ ದಿನ ಅರ್ಧ ತೇವದಲ್ಲೇ ಇದ್ದ ಟವೆಲ್ಲಿನಲ್ಲಿ ಮುಗ್ಗಲು ವಾಸನೆ ಹುಟ್ಟುತ್ತದೆ. ಮೈಯಿಂದ ಅಂಟಿದ ಎಣ್ಣೆ, ಬೆವರನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಆದ್ದರಿಂದ ಎಷ್ಟು ಟವೆಲ್ ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಟವೆಲ್ ಒಣಗುತ್ತದೆ ಎಂಬ ಲೆಕ್ಕದಲ್ಲೇ ಆಯ್ಕೆ ನಡೆಯಬೇಕು.

ಮೊದಲು ಟವೆಲನ್ನೇ ಅಳೆಯಿರಿ

ಸಾಮಾನ್ಯ ಸ್ನಾನದ ಟವೆಲ್ 70 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದ ಇರುತ್ತದೆ, ದೊಡ್ಡದಾದರೆ 75ಕ್ಕೆ 150. ಲೇಬಲ್ಲಿನಲ್ಲಿ ಜಿಎಸ್‌ಎಂ ಎಂದು ಬರೆದಿರುವುದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ. 70ಕ್ಕೆ 140ರ ಟವೆಲ್ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗುವುದರಿಂದ, 500 ಜಿಎಸ್‌ಎಂ ಟವೆಲ್ ಒಣಗಿದ್ದಾಗ ಸುಮಾರು ಅರ್ಧ ಕೆಜಿ ತೂಗುತ್ತದೆ. ಪೂರ್ತಿ ನೆನೆದರೆ ಅದರ ತೂಕ ಹಲವು ಪಟ್ಟು ಏರುತ್ತದೆ. ಹುಕ್ಕಿನ ಡಬ್ಬಿಯ ಮೇಲೆ ಬರೆದ ಭಾರವನ್ನು ನಂಬುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಗಾಳಿಯಾಡದ ಬಾತ್‌ರೂಮಿಗೆ 600 ಜಿಎಸ್‌ಎಂನ ಉಬ್ಬು ಟವೆಲ್ ತಂದು ಹುಕ್ಕಿಗೆ ಹಾಕಿದರೆ ಅದು ದಿನದೊಳಗೆ ಒಣಗುವುದು ಕಷ್ಟ. ಎಷ್ಟೋ ಮನೆಗಳಲ್ಲಿ ಗೋಡೆಗೆ ಏನೂ ಹೊಡೆಯದೆ, 350ರಿಂದ 400 ಜಿಎಸ್‌ಎಂನ ತೆಳು ಟವೆಲ್ಲಿಗೋ ಚೌಕುಳಿ ನೇಯ್ಗೆಯ ವಾಫಲ್ ಟವೆಲ್ಲಿಗೋ ಬದಲಾಯಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ರಾಡ್

ಒಣಗಿಸುವುದರಲ್ಲಿ ರಾಡೇ ಮೇಲು, ಆದರೆ ಅದನ್ನು ಸರಿಯಾಗಿ ಬಳಸಿದಾಗ ಮಾತ್ರ. ಟವೆಲನ್ನು ಉದ್ದಕ್ಕೆ ಮಡಚಿ, ಅದನ್ನು ಮತ್ತೆ ರಾಡಿನ ಮೇಲೆ ಇಳಿಬಿಟ್ಟರೆ ನಾಲ್ಕು ಪದರ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಳಗಿನ ಎರಡು ಪದರಗಳಿಗೆ ಗಾಳಿಯೇ ಸಿಗುವುದಿಲ್ಲ. ನೋಡಲು ಅಂದವಾಗಿರುವ ಈ ಮಡಿಕೆ ಅತಿಥಿಗಳಿಗೆಂದು ಇಟ್ಟ ಒಣ ಟವೆಲ್ಲಿಗೆ ಸರಿ, ದಿನನಿತ್ಯದ ಟವೆಲ್ಲಿಗೆ ಬೇಡ. ಟವೆಲಿನ ಪೂರ್ತಿ 70 ಸೆಂ.ಮೀ. ಅಗಲ ಹರಡಬೇಕು. ಅಂಗಡಿಯಲ್ಲಿ 60 ಸೆಂ.ಮೀ. ಎಂದು ಮಾರುವ ರಾಡಿನಲ್ಲಿ ಎರಡೂ ಕಡೆಯ ಫ್ಲೇಂಜ್ (ಗೋಡೆಗೆ ಕೂರುವ ಬಿಲ್ಲೆ) ಕಳೆದರೆ ಬಟ್ಟೆಗೆ ಸಿಗುವ ಜಾಗ ಇನ್ನೂ ಕಡಿಮೆ. ಗೋಡೆ ಬಿಟ್ಟುಕೊಟ್ಟರೆ 75 ಸೆಂ.ಮೀ. ರಾಡ್ ತನ್ನಿ, ಇಲ್ಲದಿದ್ದರೆ 60ರ ರಾಡಿನ ಮೇಲೆ ಒಂದು ಅಂಚು ಮಾತ್ರ ಸುಕ್ಕಾಗುವಂತೆ ಹಾಕಿ, ಉಳಿದದ್ದು ಚಪ್ಪಟೆಯಾಗಿ ಹರಡಿರಲಿ.

ಇನ್ನೊಂದು ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಟವೆಲ್ ಹಾಕಲೆಂದು ಮಾರುವ ಜೋಡಿ ರಾಡನ್ನು ತಂದು, ಎರಡರ ಮೇಲೂ ಒಂದೇ ಟವೆಲನ್ನು ಹಾಸಿ. ರಾಡುಗಳ ನಡುವೆ 8ರಿಂದ 10 ಸೆಂ.ಮೀ. ಅಂತರವಿದ್ದರೆ ಮುಂದಿನ ಇಳಿಬಿಟ್ಟ ಭಾಗ, ಹಿಂದಿನ ಭಾಗ ಒಂದನ್ನೊಂದು ಮುಟ್ಟದೆ ನಡುವೆ ಗಾಳಿ ಓಡಾಡುತ್ತದೆ. ಅದೇ ಜೋಡಿ ರಾಡಿನ ಮೇಲೆ ಎರಡು ಒದ್ದೆ ಟವೆಲ್ ತುಂಬಿದರೆ ಹಿಂದಿನದು ಗೋಡೆಗೂ ಮುಂದಿನ ಟವೆಲ್ಲಿಗೂ ಮಧ್ಯೆ ಸಿಕ್ಕಿಕೊಂಡು ಸಂಜೆಯಾದರೂ ತೇವವಾಗಿಯೇ ಇರುತ್ತದೆ. ಒಂದೇ ರಾಡ್ ಇದ್ದವರು ಟವೆಲನ್ನು ಸಮನಾಗಿ ಇಳಿಬಿಡದೆ ಒಂದು ಕಡೆ ಮೂರನೇ ಒಂದು ಭಾಗ, ಇನ್ನೊಂದು ಕಡೆ ಮೂರನೇ ಎರಡು ಭಾಗ ಬರುವಂತೆ ಹಾಕಿ. ಎರಡು ಪದರ ಕೂಡುವ ಜಾಗ ಅಷ್ಟು ಕಡಿಮೆಯಾಗುತ್ತದೆ.

ಎತ್ತರ ನೆಲದಿಂದ 120 ಸೆಂ.ಮೀ. ಆಸುಪಾಸಿನಲ್ಲಿರಲಿ. ಸಮನಾಗಿ ಹಾಕಿದ ಟವೆಲ್ 70 ಸೆಂ.ಮೀ. ಕೆಳಗಿಳಿದು, ತುದಿ ನೆಲದಿಂದ 50 ಸೆಂ.ಮೀ. ಮೇಲೆ ನಿಲ್ಲುತ್ತದೆ, ನೆಲದ ನೀರು ಚಿಮ್ಮಿದರೂ ತಾಗುವುದಿಲ್ಲ. ಒಂದು ಕಡೆ ಹೆಚ್ಚು ಇಳಿಬಿಟ್ಟು ಹಾಕುವವರು ರಾಡನ್ನು 140ಕ್ಕೆ ಏರಿಸಿಕೊಳ್ಳಿ. ರಾಡಿಗೂ ಗೋಡೆಗೂ ಕನಿಷ್ಠ 7 ಸೆಂ.ಮೀ. ಸಂದು ಬೇಕು.

ಹುಕ್

ಮೂರು ಅಡಿ ಗೋಡೆಯೂ ಸಿಗದ ಕಡೆ ಹುಕ್ಕೇ ಗತಿ. ಅದರ ದೋಷ ಎಲ್ಲರಿಗೂ ಗೊತ್ತು: ಬಟ್ಟೆ ಒಂದೇ ಬಿಂದುವಿನಲ್ಲಿ ಗುಂಪಾಗಿ, ಹುಕ್ಕಿನ ಕೆಳಗಿನ ಒಂದು ಗೇಣು ಕೊನೆಯವರೆಗೂ ಒದ್ದೆ. ಟವೆಲನ್ನು ಎಲ್ಲಿ ಸಿಕ್ಕಿಸುತ್ತೀರಿ ಎಂಬುದರ ಮೇಲೆ ಎತ್ತರವೂ ಬದಲಾಗುತ್ತದೆ. ಗಿಡ್ಡ ಅಂಚಿನ ನಡುವಿನ ಕುಣಿಕೆಯಿಂದ ಹಾಕಿದರೆ ಟವೆಲಿನ ಕೆಳಮೂಲೆ ಹುಕ್ಕಿನಿಂದ ಸುಮಾರು 145 ಸೆಂ.ಮೀ. ಕೆಳಗೆ ಬರುತ್ತದೆ, ಹುಕ್ 170 ಸೆಂ.ಮೀ. ಎತ್ತರದಲ್ಲಿದ್ದರೂ ಮೂಲೆ ನೆಲಕ್ಕೆ 25 ಸೆಂ.ಮೀ. ಹತ್ತಿರ. ಉದ್ದ ಅಂಚಿನ ನಡುವಿನಿಂದ ಹಾಕಿದರೆ ಇಳಿತ ಒಂದು ಮೀಟರ್ ಮಾತ್ರ, ಹಾಗಾಗಿ 160 ಸೆಂ.ಮೀ. ಎತ್ತರದ ಹುಕ್ ಸಾಕು.

ಹುಕ್ಕನ್ನೇ ಬಳಸಿ ಟವೆಲನ್ನು ಹರಡುವ ದಾರಿಯೂ ಇದೆ. ಒಂದರ ಬದಲು ಎರಡು ಹುಕ್ಕುಗಳನ್ನು 55ರಿಂದ 60 ಸೆಂ.ಮೀ. ದೂರದಲ್ಲಿ, ಒಂದೇ ಮಟ್ಟದಲ್ಲಿ ಹಾಕಿ. ಟವೆಲಿನ ಉದ್ದ ಅಂಚಿನಲ್ಲಿ ಎರಡೂ ತುದಿಯಿಂದ 40 ಸೆಂ.ಮೀ. ಒಳಗೆ ಒಂದೊಂದು ಕುಣಿಕೆ ಹೊಲಿಯಿರಿ. ಕುಣಿಕೆಗೆ 1 ಸೆಂ.ಮೀ. ಅಗಲದ ಹತ್ತಿ ಪಟ್ಟಿಯನ್ನು 8 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎರಡಾಗಿ ಮಡಚಿ, ಅಂಚಿನ ಹೊಲಿಗೆಯ ಮೇಲೆಯೇ ಚೌಕಾಕಾರವಾಗಿ ಹೊಲಿಗೆ ಓಡಿಸಿ ಮಧ್ಯೆ ಗುಣಾಕಾರದ ಗುರುತಿನಂತೆ (×) ಅಡ್ಡ ಹೊಲಿಗೆ ಹಾಕಿ. ಅಂಚು ಬಿಟ್ಟು ಒಳಗಿನ ಉಬ್ಬು ನೂಲಿನ ಮೇಲೆ ಹೊಲಿದರೆ ಒದ್ದೆ ಭಾರಕ್ಕೆ ಅದು ಕಿತ್ತುಬರುತ್ತದೆ. ಹೀಗೆ ಹಾಕಿದ ಟವೆಲ್ ಹೆಚ್ಚಿನ ಕಡೆ ಒಂದೇ ಪದರವಾಗಿ ನಿಲ್ಲುತ್ತದೆ, ಕೆಳಗಿಳಿಯುವುದು 80 ಸೆಂ.ಮೀ. ಮಾತ್ರ. ರಾಡ್ ಕೂರದ ಗೋಡೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ ಎಂದೇ ಹೇಳಬಹುದು.

ಒಬ್ಬೊಬ್ಬರಿಗೆ ಒಂದೊಂದು ಹುಕ್ ಎಂದು ಸಾಲಾಗಿ ಹಾಕುವವರು ನಡುವೆ 30 ಸೆಂ.ಮೀ. ಬಿಡಿ. ಐದಾರು ಹುಕ್ಕು ಒತ್ತೊತ್ತಾಗಿ ಇರುವ ಸಿದ್ಧ ಪಟ್ಟಿ ಬಟ್ಟೆ ಬದಲಿಸುವಾಗ ಅಂಗಿ ಸಿಕ್ಕಿಸಲು ಚೆನ್ನ, ಒದ್ದೆ ಟವೆಲ್ಲಿಗೆ ಅಲ್ಲ. ಬಳೆಯಂಥ ರಿಂಗ್ ಕೈ ಒರೆಸುವ ಚಿಕ್ಕ ಟವೆಲ್ಲಿಗಷ್ಟೇ.

ಬಾಗಿಲಿನ ಹಿಂದೆ

ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಹುಕ್ಕುಪಟ್ಟಿ ತರುವ ಮುಂಚೆ ಎರಡು ಅಳತೆ ತೆಗೆದುಕೊಳ್ಳಿ: ಬಾಗಿಲ ದಪ್ಪ, ಮತ್ತು ಬಾಗಿಲಿಗೂ ಮೇಲಿನ ಚೌಕಟ್ಟಿಗೂ ನಡುವಿನ ಸಂದು. ಸಂದು 2 ಮಿ.ಮೀ.ಗಿಂತ ಕಡಿಮೆಯಿದ್ದರೆ ತಗಡು ಉಜ್ಜಿ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಪೊಳ್ಳು ಪಿವಿಸಿ ಬಾಗಿಲಿಗೆ ಸ್ಕ್ರೂ ಹಾಕಿದರೆ ಕೆಲವೇ ದಿನಕ್ಕೆ ತೂತು ಅಗಲವಾಗಿ ಉದುರುತ್ತದೆ. ಅಲ್ಲಿ ಆಚೆಯವರೆಗೆ ತೂರುವ ಬೋಲ್ಟ್, ಎರಡೂ ಕಡೆ ಅಗಲ ವಾಷರ್ ಬೇಕು. ಮರದ ಬಾಗಿಲಾದರೆ ಟವೆಲ್ ನೇರವಾಗಿ ಬಾಗಿಲಿನ ಮೈಗೆ ತಾಗದಂತೆ 5 ಸೆಂ.ಮೀ. ಆದರೂ ಮುಂಚಾಚುವ ಹುಕ್ ಆರಿಸಿ, ಇಲ್ಲವಾದರೆ ಬಣ್ಣ ಉಬ್ಬಿ ಪ್ಲೈವುಡ್ ಪದರ ಬಿಡುತ್ತದೆ. ಸ್ನಾನವಾದ ಮೇಲೆ ಬಾಗಿಲನ್ನು ಗೋಡೆಗೆ ಒರಗುವಂತೆ ಪೂರ್ತಿ ತೆರೆದಿಟ್ಟರೆ ಟವೆಲ್ ಎರಡರ ನಡುವೆ ಸಿಕ್ಕಿ ಒಣಗದು. ಅರ್ಧ ತೆರೆದಿಡಿ.

ಜಾಗ ಆರಿಸುವಾಗ

ಹೆಚ್ಚಿನ ಬಾತ್‌ರೂಮುಗಳಲ್ಲಿ ಗಾಳಿ ಬಾಗಿಲಿನ ಕೆಳಸಂದಿನಿಂದ ಒಳಬಂದು ಎಕ್ಸಾಸ್ಟ್ ಫ್ಯಾನಿನಿಂದಲೋ ಕಿಟಕಿಯಿಂದಲೋ ಹೊರಹೋಗುತ್ತದೆ. ಟವೆಲ್ ಆ ದಾರಿಯಲ್ಲಿ ಸಿಗಬೇಕು. ಬಾಗಿಲ ಕೆಳಗೆ 10ರಿಂದ 15 ಮಿ.ಮೀ. ಸಂದು ಇಲ್ಲದಿದ್ದರೆ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಹರಿಯುವುದಿಲ್ಲ. ಸ್ನಾನ ಮುಗಿದ ಮೇಲೆ ಫ್ಯಾನ್ 20ರಿಂದ 30 ನಿಮಿಷ ಓಡಲಿ. ಶವರಿನ ಹನಿ ಬೀಳುವ ಜಾಗ, ಕಮೋಡಿನ ನೆತ್ತಿ, ಸ್ವಿಚ್ ಮತ್ತು ಸಾಕೆಟ್ಟಿನ ಮೇಲ್ಭಾಗ ಬೇಡ.

ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಶವರಿನಿಂದ ಹೊರಗೆ ಕಾಲಿಡುವ ಜಾಗದಲ್ಲಿ ಟವೆಲ್ ರಾಡ್ ಇದ್ದರೆ, ಕಾಲು ಜಾರಿದವರ ಕೈ ಮೊದಲು ಹಿಡಿಯುವುದು ಅದನ್ನೇ. ಮನುಷ್ಯನ ಭಾರಕ್ಕೆ ಅದು ಕಿತ್ತುಬರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅಲ್ಲಿ ಆಸರೆಗೆಂದೇ ತಯಾರಾದ ಗ್ರ್ಯಾಬ್ ಬಾರ್ ಹಾಕಿಸಿ, ಟವೆಲ್ ರಾಡನ್ನು ಬೇರೆ ಗೋಡೆಗೆ ಸರಿಸಿ. ಗ್ರ್ಯಾಬ್ ಬಾರಿನ ಮೇಲೆ ಟವೆಲ್ ಹಾಕಬೇಡಿ. ಬಟ್ಟೆಯ ಮೇಲೆ ಹಿಡಿತ ಜಾರುತ್ತದೆ.

ಟೈಲ್ಸ್‌ಗೆ ತೂತು ಕೊರೆಯುವ ಕ್ರಮ

ನಲ್ಲಿ, ಶವರ್, ಗೀಸರುಗಳ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಗೋಡೆಯೊಳಗೆ ಪೈಪ್ ಹೋಗಿರುತ್ತದೆ. ಸ್ವಿಚ್ಚಿನ ನೇರದಲ್ಲಿ ವೈರ್ ಇರುತ್ತದೆ. ಈ ಗೆರೆಗಳನ್ನು ಬಿಟ್ಟು ಜಾಗ ಗುರುತಿಸಿ. ಟೈಲ್ಸ್ ಅಂಚಿನಿಂದ 25 ಮಿ.ಮೀ. ಆದರೂ ಒಳಗೆ ಬನ್ನಿ. ಎರಡು ಟೈಲ್ಸ್ ನಡುವಿನ ಗ್ರೌಟ್ ಗೆರೆ ಮೆತ್ತಗಿರುತ್ತದೆಂದು ಅಲ್ಲಿ ಕೊರೆದರೆ ಎರಡೂ ಕಡೆಯ ಅಂಚು ಸಿಡಿಯುತ್ತದೆ.

ಹೊಳಪಿನ ಮೇಲೆ ಬಿಟ್ ಜಾರದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಿ. ಸಾಧಾರಣ ಸೆರಾಮಿಕ್ ಟೈಲ್ಸ್‌ಗೆ ಈಟಿ ಮೊನೆಯ ಟೈಲ್ ಬಿಟ್ ಸಾಕು. ವಿಟ್ರಿಫೈಡ್ ಟೈಲ್ಸ್‌ಗೆ ಡೈಮಂಡ್ ಬಿಟ್ ಬೇಕು, ಸ್ಪಂಜಿನಿಂದ ನೀರು ಹಿಂಡುತ್ತಾ ನಿಧಾನಕ್ಕೆ ಕೊರೆಯಬೇಕು. ನೀರಿಲ್ಲದಿದ್ದರೆ ಬಿಟ್ ಸುಟ್ಟು ಮೊಂಡಾಗುತ್ತದೆ. ನೀರು ಡ್ರಿಲ್ ಯಂತ್ರದ ಕಡೆಗೆ ಹರಿಯದಂತೆ ನೋಡಿಕೊಳ್ಳಿ. ಟೈಲ್ಸ್ ದಾಟುವವರೆಗೆ ಹ್ಯಾಮರ್ ಗುಂಡಿ ಮುಟ್ಟಬೇಡಿ, ಒಂದೇ ಏಟಿಗೆ ಬಿರುಕು ಬಿಡುತ್ತದೆ. ದಾಟಿದ ಮೇಲೆ 6 ಮಿ.ಮೀ. ಕಾಂಕ್ರೀಟ್ ಬಿಟ್ ಹಾಕಿ ಹ್ಯಾಮರಿನಲ್ಲಿ ಮುಂದುವರಿಸಿ.

ಆಳದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಟೈಲ್ಸ್ ಮತ್ತು ಅದರ ಹಿಂದಿನ ಗಾರೆ ಸೇರಿ 20ರಿಂದ 25 ಮಿ.ಮೀ. ಆಗಿಬಿಡುತ್ತದೆ. ಸ್ಕ್ರೂ ಹಿಡಿಯಲೆಂದು ತೂತಿನೊಳಗೆ ಕೂರಿಸುವ 30 ಮಿ.ಮೀ. ಪ್ಲಗ್ಗನ್ನು ಟೈಲ್ಸ್ ಮಟ್ಟಕ್ಕೇ ಬಡಿದರೆ ಅದರ ಹೆಚ್ಚು ಭಾಗ ಗಾರೆಯಲ್ಲೇ ಉಳಿದು, ಸ್ಕ್ರೂ ತಿರುಗಿಸಿದಾಗ ಪ್ಲಗ್ ಉಬ್ಬಿ ಟೈಲ್ಸ್ ಒಡೆಯುತ್ತದೆ, ಇಲ್ಲವೇ ಕೆಲ ತಿಂಗಳಲ್ಲಿ ಸಡಿಲವಾಗುತ್ತದೆ. 60 ಮಿ.ಮೀ. ಆಳ ಕೊರೆದು, ದೂಳು ಊದಿ ತೆಗೆದು, ಪ್ಲಗ್ಗನ್ನು ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ತಳ್ಳಿ. ಅದಕ್ಕೆ ತಕ್ಕಂತೆ ಸ್ಕ್ರೂ 50ರಿಂದ 60 ಮಿ.ಮೀ. ಉದ್ದ ಇರಲಿ, ರಾಡಿನ ಜತೆ ಬರುವ ಗಿಡ್ಡ ಸ್ಕ್ರೂ ಇಲ್ಲಿ ಉಪಯೋಗಕ್ಕೆ ಬಾರದು. ಸ್ಕ್ರೂ ಬಿಗಿಯುವ ಮುನ್ನ ತೂತಿಗೆ ಸ್ವಲ್ಪ ಸಿಲಿಕೋನ್ ಹಾಕಿದರೆ ಗೋಡೆಯೊಳಗೆ ನೀರಿಳಿಯುವುದಿಲ್ಲ. ರಾಡಿಗೆ ಎರಡೂ ಕಡೆ ಒಟ್ಟಿಗೆ ಅಳೆದು ಕೊರೆಯಬೇಡಿ. ಒಂದು ಕಡೆ ಪೂರ್ತಿ ಕೂರಿಸಿ, ರಾಡನ್ನು ಹಿಡಿದು ಮಟ್ಟ ನೋಡಿ, ಆಮೇಲೆ ಇನ್ನೊಂದು ಕಡೆ ಗುರುತು ಹಾಕಿ.

ಸ್ಟೀಲ್ 304 ದರ್ಜೆಯದ್ದಾಗಿರಲಿ. ಆಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತನ್ನು ನಂಬಬೇಡಿ, ಬೇಗ ಕಲೆಗಟ್ಟುವ 202 ದರ್ಜೆಗೂ ಸಾಮಾನ್ಯವಾಗಿ ಆಯಸ್ಕಾಂತ ಅಂಟುವುದಿಲ್ಲ.

ತೂತು ಕೊರೆಯುವ ಹಾಗಿಲ್ಲದಿದ್ದರೆ

ಅಂಟಿಸುವ ಹುಕ್ ಕೆಳಮುಖದ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಸುಲಿಯುವ ಎಳೆತವನ್ನು ತಡೆಯುವುದಿಲ್ಲ. ಗೋಡೆಯಿಂದ ತುಂಬ ಮುಂಚಾಚಿದ ಹುಕ್ಕಿನ ತುದಿಯಲ್ಲಿ ಭಾರ ಬಿದ್ದಾಗ ಮೇಲಂಚು ಸುಲಿಯತೊಡಗುತ್ತದೆ, ಅಲ್ಲಿಂದ ನೀರು ನುಗ್ಗುತ್ತದೆ. ಆದ್ದರಿಂದ ಅಂಟಿನ ಮೈ ಎತ್ತರವಾಗಿ, ಕೊಕ್ಕೆ ಗಿಡ್ಡವಾಗಿ ಇರುವುದನ್ನೇ ಆರಿಸಿ. ಟೈಲ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಿ, ಅರ್ಧ ನಿಮಿಷ ಒತ್ತಿ ಹಿಡಿದು, 24 ಗಂಟೆ ಏನನ್ನೂ ತೂಗುಹಾಕಬೇಡಿ. ಬಣ್ಣದ ಗೋಡೆಗೆ ಅಂಟಿಸಿದರೆ ಹುಕ್ಕಿನ ಜತೆ ಬಣ್ಣವೂ ಬರುತ್ತದೆ. ಗಾಳಿ ಹೀರಿ ನಿಲ್ಲುವ ರಬ್ಬರ್ ಬಟ್ಟಲು ನುಣುಪಾದ ಟೈಲ್ಸಿನ ಮಧ್ಯದಲ್ಲಿ ಮಾತ್ರ ನಿಲ್ಲುತ್ತದೆ, ಗ್ರೌಟ್ ಗೆರೆ ಅಡ್ಡಬಂದರೆ ರಾತ್ರಿಯೊಳಗೆ ಬೀಳುತ್ತದೆ.

ಎದುರುಬದುರು ಗೋಡೆಗಳು ಒಂದು ಮೀಟರಿನಷ್ಟೇ ದೂರವಿದ್ದರೆ ಒತ್ತಿ ನಿಲ್ಲುವ ಟೆನ್ಷನ್ ರಾಡ್ ಒಳ್ಳೆಯದು. ತಲೆಗೆ ತಾಗದಷ್ಟು ಮೇಲೆ ಹಾಕಿ, ತಿಂಗಳಿಗೊಮ್ಮೆ ತಿರುಗಿಸಿ ಬಿಗಿಮಾಡಿ.

ಇಷ್ಟಾದರೂ ಮಳೆಗಾಲದಲ್ಲಿ, ಅಥವಾ ನಾಲ್ಕು ಜನ ಒಂದೇ ಬಾತ್‌ರೂಮ್ ಬಳಸುವಾಗ, ಟವೆಲ್ ಒಳಗೇ ಒಣಗದಿರಬಹುದು. ಆಗ ಬಾತ್‌ರೂಮಿನಲ್ಲಿ ಕೈಗೆಟಕುವಷ್ಟು ಹುಕ್ ಮಾತ್ರ ಇರಲಿ, ಮೈ ಒರೆಸಿದ ಕೂಡಲೇ ಟವೆಲನ್ನು ಹೊರಗಿನ ಹಗ್ಗಕ್ಕೆ ಸಾಗಿಸಿ. ಈಗಾಗಲೇ ವಾಸನೆ ಹಿಡಿದಿರುವ ಟವೆಲ್ ಹೊಸ ರಾಡಿಗೆ ಹಾಕಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಲೇಬಲ್ ಅನುಮತಿಸಿದರೆ 60 ಡಿಗ್ರಿ ಬಿಸಿನೀರಿನಲ್ಲಿ, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕದೆ ಒಗೆದು, ಯಂತ್ರ ನಿಂತ ತಕ್ಷಣ ಹೊರತೆಗೆದು ಬಿಸಿಲಿಗೆ ಹರವಿ. ಅಂಚುಪಟ್ಟಿ ಗರಿಗರಿಯಾದ ಮೇಲೆಯೇ ಬಾತ್‌ರೂಮಿಗೆ ವಾಪಸ್ ತನ್ನಿ.