ಎಸ್ಲಿಂಗನ್‌ನಲ್ಲಿ ಸಂಸಾರ ಹೂಡಿದ ಬಗೆ: ನನ್ನ ಅನುಭವ

ಉದ್ಯೋಗಕ್ಕಾಗಿ ಜರ್ಮನಿಗೆ ಬರುವ ನಮ್ಮ ಕಡೆಯ ಅನೇಕ ಕುಟುಂಬಗಳಲ್ಲಿ, ಬಂದ ಹೊಸತರಲ್ಲಿ, ಕೆಲಸವಿರುವುದು ಒಬ್ಬರಿಗೆ ಮಾತ್ರ. ಇನ್ನೊಬ್ಬರು ಮಗುವಿನೊಂದಿಗೆ ಮನೆಯಲ್ಲಿರುತ್ತಾರೆ. ಕೆಲಸವಿದ್ದವರಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಸಹೋದ್ಯೋಗಿಗಳ ನೆರವು ಸಿಗುತ್ತದೆ. ಆದರೆ ಸಂಸಾರ ನೆಲೆಯೂರುವ ವೇಗವನ್ನು ನಿರ್ಧರಿಸುವವರು ಮನೆಯಲ್ಲಿರುವವರು. ಆದ್ದರಿಂದ ಮೊದಲ ವರ್ಷದ ಹಣ, ಸಮಯ ಮತ್ತು ಗಮನ ಅವರಿಗೇ ಮೀಸಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಪತಿ ವಾಹನಗಳ ಸಾಫ್ಟ್‌ವೇರ್ ಎಂಜಿನಿಯರ್. ನಾನು ಮೈಸೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಎಂಬ ಊರಿಗೆ ನಾವು ಬಂದಾಗ ಮಗಳಿಗೆ ಎರಡೂವರೆ ವರ್ಷ.

ಹೊರಡುವ ಮೊದಲೇ ಮಾಡಬೇಕಾದ ಕೆಲಸಗಳಲ್ಲಿ ಹೆಸರಿನ ವಿಚಾರವನ್ನು ಮೊದಲು ಹೇಳಬೇಕು. ನಮ್ಮಲ್ಲಿ ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಶಿಯಲ್ ಇರುತ್ತದೆಯೇ ಹೊರತು ಮನೆಯವರೆಲ್ಲರಿಗೂ ಸೇರಿದ ಒಂದು ಅಡ್ಡಹೆಸರು ಅನೇಕರಿಗೆ ಇರುವುದಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ತಂದೆಯ ಹೆಸರು, ಮಗಳ ಪಾಸ್‌ಪೋರ್ಟಿನಲ್ಲಿ ಅವಳ ತಂದೆಯ ಹೆಸರು, ಪತಿಯ ಪಾಸ್‌ಪೋರ್ಟಿನಲ್ಲಿ ಅವರ ಊರಿನ ಹೆಸರು ಕುಲನಾಮದ ಜಾಗದಲ್ಲಿದ್ದುದರಿಂದ, ಕಾಗದದ ಮೇಲೆ ನಾವು ಮೂವರೂ ಸಂಬಂಧವಿಲ್ಲದವರಂತೆ ಕಾಣುತ್ತಿದ್ದೆವು. ಅದಕ್ಕಾಗಿ ಮದುವೆಯ ನೋಂದಣಿ ಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರಗಳನ್ನು, ಅವುಗಳಲ್ಲಿನ ಕಾಗುಣಿತ ಪಾಸ್‌ಪೋರ್ಟಿನದಕ್ಕೆ ಅಕ್ಷರಶಃ ಹೊಂದುವಂತೆ ಸರಿಪಡಿಸಿಕೊಂಡು ತಂದೆವು. ಇಲ್ಲಿಗೆ ಬಂದ ಮೇಲೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರಿಂದ ಜರ್ಮನ್‌ಗೆ ಅನುವಾದ ಮಾಡಿಸಿ ಹಲವು ಪ್ರತಿಗಳನ್ನು ಇಟ್ಟುಕೊಂಡೆವು. ವೈದ್ಯರಲ್ಲಿ, ಶಿಶುವಿಹಾರದಲ್ಲಿ, ನಾನೊಬ್ಬಳೇ ಮಗಳೊಂದಿಗೆ ವಿಮಾನ ಹತ್ತುವಾಗ, ಎಲ್ಲ ಕಡೆಯೂ ಅವು ಕೆಲಸಕ್ಕೆ ಬಂದಿವೆ.

ಬಂದ ಮೇಲಿನ ಎಲ್ಲ ಕೆಲಸಗಳಿಗೂ ಮೂಲ ವಿಳಾಸ. ಮನೆಗೆ ಬಂದ ಎರಡು ವಾರದೊಳಗೆ ನಗರಾಡಳಿತದಲ್ಲಿ ವಾಸದ ನೋಂದಣಿ, ಅಂದರೆ ಅನ್‌ಮೆಲ್ಡುಂಗ್, ಮಾಡಿಸಬೇಕೆಂಬುದು ಕಾನೂನು. ಅದಕ್ಕೆ ಮನೆಯ ಮಾಲೀಕರ ಸಹಿಯಿರುವ ದೃಢೀಕರಣ ಪತ್ರ ಬೇಕು. ಆದ್ದರಿಂದ ಮೊದಲ ತಿಂಗಳುಗಳಿಗೆ ಹಿಡಿದ ತಾತ್ಕಾಲಿಕ ಮನೆಯವರನ್ನೂ ಈ ಪತ್ರ ಕೊಡುತ್ತೀರಾ ಎಂದು ಕೇಳಿಯೇ ಮುಂಗಡ ಕಟ್ಟಿದೆವು. ತೆರಿಗೆಯ ಹನ್ನೊಂದು ಅಂಕಿಯ ಸಂಖ್ಯೆ, ಬ್ಯಾಂಕಿನ ಕಾರ್ಡು, ವಿಮೆಯ ಕಾರ್ಡು ಎಲ್ಲವೂ ಅಂಚೆಯಲ್ಲೇ ಬರುತ್ತವೆ, ಮತ್ತು ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ಮೂವರ ಕುಲನಾಮಗಳೂ ಬೇರೆ ಬೇರೆಯಾದ್ದರಿಂದ ಮೂರನ್ನೂ ಒಂದರ ಕೆಳಗೊಂದು ಬರೆದು ಡಬ್ಬಿಗೂ ಕರೆಗಂಟೆಗೂ ಅಂಟಿಸಿದ್ದು ನಾವು ಆ ಮನೆಯಲ್ಲಿ ಮಾಡಿದ ಮೊದಲ ಕೆಲಸ.

ಕಾಯಂ ಮನೆ ಹುಡುಕುವುದು ಕಷ್ಟವೇ. ಬಾಡಿಗೆ ಎಂದು ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ಬರಿ ಗೋಡೆಗಳ ಬಾಡಿಗೆ. ಅದರ ಮೇಲೆ ನೀರು, ನಿರ್ವಹಣೆ, ಮನೆ ಬೆಚ್ಚಗಿಡುವ ವೆಚ್ಚ ಸೇರುತ್ತವೆ, ವಿದ್ಯುತ್ತಿಗೆ ಪ್ರತ್ಯೇಕ ಒಪ್ಪಂದ ಬೇಕು. ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೆಂದರೆ ನೀರಿನ ಕೊಳವೆ ಮತ್ತು ಒಲೆಯ ವಿದ್ಯುತ್ ತಂತಿ ಮಾತ್ರ; ಸಿಂಕು, ಕಪಾಟು, ಒಲೆಗಳನ್ನು ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಪುಟ್ಟ ಮಗುವಿದ್ದವರು ಬಾಡಿಗೆ ತುಸು ಹೆಚ್ಚಾದರೂ ಅಡುಗೆಮನೆ ಕೂಡಿಸಿರುವ ಮನೆಯನ್ನೇ ಹಿಡಿಯಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆಯಲ್ಲಿ ಸಂಪಾದನೆಯಿಲ್ಲದ ಸಂಗಾತಿ ಮತ್ತು ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಮಕ್ಕಳ ಭತ್ಯೆಯಾದ ಕಿಂಡರ್‌ಗೆಲ್ಡ್ 2025ರ ಜನವರಿಯಿಂದ ಮಗುವೊಂದಕ್ಕೆ ತಿಂಗಳಿಗೆ 255 ಯೂರೊ ಇತ್ತು. ಹಿಂದಿನ ಬಾಕಿ ಆರು ತಿಂಗಳಿನಷ್ಟೇ ಸಿಗುವುದರಿಂದ ತೆರಿಗೆ ಸಂಖ್ಯೆ ಬಂದ ಕೂಡಲೇ ಅರ್ಜಿ ಹಾಕಬೇಕು. ಮಕ್ಕಳ ವೈದ್ಯರು ಹೊಸಬರನ್ನು ಸೇರಿಸಿಕೊಳ್ಳುವುದು ಸುಲಭವಲ್ಲ. ಮಗು ಹುಷಾರಾಗಿರುವಾಗಲೇ ಹುಡುಕಿ ಹೆಸರು ಬರೆಸಿಡುವುದು ಜಾಣತನ. ಇಲ್ಲಿ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕ್ರಮಬದ್ಧ ತಪಾಸಣೆಗಳಿವೆ, ಅವೆಲ್ಲ ಹಳದಿ ಬಣ್ಣದ ಒಂದು ಪುಸ್ತಕದಲ್ಲಿ ದಾಖಲಾಗುತ್ತವೆ. ಮೂರನೆಯ ಹುಟ್ಟುಹಬ್ಬದ ಹೊತ್ತಿನ ತಪಾಸಣೆಯಿಂದ ನಮ್ಮದು ಆರಂಭವಾಯಿತು. ಊರಿನ ಲಸಿಕೆ ಪುಸ್ತಕದಲ್ಲಿ ಪ್ರತಿ ಲಸಿಕೆಯ ಮುಂದೆಯೂ ದಿನಾಂಕ ಮತ್ತು ವೈದ್ಯರ ಮೊಹರು ಇದ್ದುದರಿಂದ ವೈದ್ಯರು ಅದನ್ನು ನೋಡಿ ಇಲ್ಲಿನ ಪುಸ್ತಕಕ್ಕೆ ಬರೆದುಕೊಂಡರು. 2020ರ ಮಾರ್ಚ್‌ನಿಂದ ದಡಾರದ ಲಸಿಕೆಯ ದಾಖಲೆಯಿಲ್ಲದೆ ಯಾವ ಶಿಶುವಿಹಾರವೂ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ.

ಇನ್ನು ಶಿಶುವಿಹಾರ. ಇಲ್ಲಿ ಅದನ್ನು ಕಿಟಾ ಎನ್ನುತ್ತಾರೆ. ವರ್ಷ ತುಂಬಿದ ಪ್ರತಿ ಮಗುವಿಗೂ ಸ್ಥಾನ ಪಡೆಯುವ ಹಕ್ಕನ್ನು ಕಾನೂನು 2013ರ ಆಗಸ್ಟ್‌ನಿಂದಲೇ ಕೊಟ್ಟಿದೆ. ಆದರೆ ಸ್ಥಾನಗಳಿಗೂ ಸಿಬ್ಬಂದಿಗೂ ಕೊರತೆಯಿದೆ. ನಗರಾಡಳಿತದಲ್ಲಿ ಹೆಸರು ಬರೆಸಿದ್ದರ ಜೊತೆಗೆ ನಡೆದು ಹೋಗುವಷ್ಟು ದೂರದ ಕಿಟಾಗಳಿಗೆಲ್ಲ ಮಗಳನ್ನು ಕರೆದುಕೊಂಡು ನಾನೇ ಹೋಗಿ, ಬರೆದು ಬಾಯಿಪಾಠ ಮಾಡಿದ ನಾಲ್ಕು ಜರ್ಮನ್ ವಾಕ್ಯಗಳಲ್ಲಿ ಪರಿಚಯ ಹೇಳಿಕೊಂಡು ಬಂದೆ. ಕೊನೆಗೆ ಸ್ಥಾನ ದೊರೆತದ್ದು ಚರ್ಚಿನವರು ನಡೆಸುವ ಒಂದು ಕಿಟಾದಲ್ಲಿ. ಇಂಥವು ಇಲ್ಲಿ ಬಹಳ, ಅನ್ಯಧರ್ಮದ ಮಕ್ಕಳನ್ನೂ ಪ್ರೀತಿಯಿಂದ ಸೇರಿಸಿಕೊಳ್ಳುತ್ತಾರೆ.

ಮಗುವನ್ನು ಬಾಗಿಲಲ್ಲಿ ಬಿಟ್ಟು, ಅಳುತ್ತಿದ್ದರೂ ತಿರುಗಿ ನೋಡದೆ ಬರುವ ಪದ್ಧತಿ ಇಲ್ಲಿಲ್ಲ. ಐನ್‌ಗೆವ್ಯೋನುಂಗ್ ಎಂಬ ಒಗ್ಗಿಸುವ ಅವಧಿಯಲ್ಲಿ ತಾಯಿಯೋ ತಂದೆಯೋ ಮಗುವಿನ ಜೊತೆ ಅಲ್ಲೇ ಇರುತ್ತಾರೆ. ಮೊದಲ ಮೂರು ದಿನ ಸುಮಾರು ಒಂದು ಗಂಟೆ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂರುವುದು, ನಾಲ್ಕನೆಯ ದಿನ ಮಗುವಿಗೆ ಹೇಳಿ ಕೆಲವೇ ನಿಮಿಷ ಹೊರಗೆ ಹೋಗಿ ಬರುವುದು, ಮಗು ಸಮಾಧಾನವಾದರೆ ಆ ಸಮಯವನ್ನು ದಿನದಿನಕ್ಕೆ ಹಿಗ್ಗಿಸುವುದು. ಇದಕ್ಕೆ ವಾರಗಳೇ ಹಿಡಿಯುತ್ತವೆ, ಆದ್ದರಿಂದ ಕೆಲಸಕ್ಕೋ ತರಗತಿಗೋ ಸೇರುವ ದಿನಾಂಕವನ್ನು ಇದರ ನಂತರಕ್ಕೆ ಇಟ್ಟುಕೊಳ್ಳಬೇಕು. ಆ ಮೂಲೆಯಲ್ಲಿ ಕುಳಿತ ಗಂಟೆಗಳು ನನಗೇ ಒಂದು ಪಾಠಶಾಲೆಯಾದವು. ‘ಕೈ ತೊಳೆಯೋಣ’, ‘ಈಗ ನಿನ್ನ ಸರದಿ’, ‘ಬೂಟು ಹಾಕಿಕೋ’ ಎಂದು ಶಿಕ್ಷಕಿ ದಿನವೂ ಅದೇ ಸ್ವರದಲ್ಲಿ ಹೇಳುತ್ತಿದ್ದ ಮಾತುಗಳೇ ನಾನು ಯೋಚಿಸದೆ ಆಡಬಲ್ಲ ಮೊದಲ ಜರ್ಮನ್ ವಾಕ್ಯಗಳು. ಆಹಾರದ ನಮೂನೆಯನ್ನು ತುಂಬುವಾಗ ಸಸ್ಯಾಹಾರ ಎಂದಷ್ಟೇ ಬರೆಯದೆ, ಮೀನು ಬೇಡ, ಮಾಂಸದ ಸಾರು ಬೇಡ, ಜೆಲಟಿನ್ ಇರುವ ಮಿಠಾಯಿ ಬೇಡ ಎಂದು ಬಿಡಿಸಿ ಬರೆದೆವು. ಹುಟ್ಟುಹಬ್ಬಗಳಲ್ಲಿ ಹಂಚುವ ಕರಡಿಯಾಕಾರದ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ. ಮಳೆಯಿರಲಿ ಹಿಮವಿರಲಿ ಮಕ್ಕಳನ್ನು ದಿನವೂ ಹೊರಗೆ ಕರೆದೊಯ್ಯುತ್ತಾರೆ. ಕೆಸರಿನಲ್ಲಿ ಆಡಲು ನೀರು ಇಳಿಯದ ಪ್ಯಾಂಟು, ರಬ್ಬರ್ ಬೂಟು, ಒಳಗೆ ಹಾಕುವ ಚಪ್ಪಲಿ, ಎರಡು ಜೊತೆ ಬದಲಿ ಬಟ್ಟೆ, ಎಲ್ಲದರ ಮೇಲೂ ಹೆಸರು ಇರಬೇಕು. ಆರಂಭದಲ್ಲಿ ನೆಗಡಿಯಾದೀತೆಂಬ ಭಯ ನನಗಿತ್ತು. ಮಗಳು ಕೆಂಪು ಕೆನ್ನೆಯೊಂದಿಗೆ ಹಸಿದು ಮನೆಗೆ ಬರುವುದನ್ನು ನೋಡಿದ ಮೇಲೆ ಆ ಭಯ ಹೋಯಿತು.

ಮಗಳು ಕಿಟಾಕ್ಕೆ ಒಗ್ಗಿದ ಕೂಡಲೇ ನಾನು ಜರ್ಮನ್ ತರಗತಿಗೆ ಸೇರಿದೆ. ಬ್ಲೂ ಕಾರ್ಡ್, ಅಂದರೆ ಉನ್ನತ ಶಿಕ್ಷಣ ಪಡೆದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಹೊಂದಿದವರ ಸಂಗಾತಿ ವೀಸಾಕ್ಕಾಗಿ ಮೊದಲೇ ಭಾಷೆಯ ಪರೀಕ್ಷೆ ಪಾಸು ಮಾಡಬೇಕಿಲ್ಲ, ಬಂದ ದಿನದಿಂದಲೇ ಕೆಲಸ ಮಾಡುವ ಅನುಮತಿಯೂ ಇರುತ್ತದೆ. ಈ ಅನುಕೂಲದಿಂದಾಗಿಯೇ ಭಾಷೆ ಕಲಿಯುವುದನ್ನು ಮುಂದೂಡುವವರನ್ನು ಬಹಳ ನೋಡಿದ್ದೇನೆ, ಅದು ನನಗೆ ನಿಜವಾಗಿ ಬೇಸರ ತರುತ್ತದೆ. ಪ್ರತಿ ಊರಿನಲ್ಲೂ ಫೋಕ್ಸ್‌ಹೋಕ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರವಿರುತ್ತದೆ, ಶುಲ್ಕ ಖಾಸಗಿ ಶಾಲೆಗಳಿಗಿಂತ ಕಡಿಮೆ. ನಮ್ಮ ಮನೆಯ ಲೆಕ್ಕದಲ್ಲಿ ನನ್ನ ತರಗತಿಯ ಶುಲ್ಕವನ್ನು ಬಾಡಿಗೆಯ ನಂತರದ ಸಾಲಿನಲ್ಲಿ, ಊರಿಗೆ ಹೋಗಿಬರುವ ಟಿಕೆಟ್ಟಿಗಿಂತ ಮೇಲೆ ಬರೆದೆವು. ಮನೆಯಲ್ಲಿ ಓದಲು ಬಿಡುವು ಸಿಗಲೆಂದು ಪತಿ ವಾರದಲ್ಲಿ ಎರಡು ಸಂಜೆ ಮಗಳ ಊಟ, ಸ್ನಾನ, ನಿದ್ದೆಯನ್ನು ಸಂಪೂರ್ಣವಾಗಿ ವಹಿಸಿಕೊಂಡರು. ಭಾಷೆಯ ಮಧ್ಯಮ ಮಟ್ಟವಾದ ಬಿ1 ಹಂತ ಮುಗಿದ ಮೇಲೆ ವೈದ್ಯರಲ್ಲಿ ಫೋನಿನಲ್ಲಿ ಸಮಯ ಕೇಳುವುದು, ಕಿಟಾದ ಪೋಷಕರ ಸಭೆಯಲ್ಲಿ ಮಾತಾಡುವುದು ನನ್ನ ಕೆಲಸಗಳಾದವು. ಅದರ ಮುಂದಿನ ಹಂತವಾದ ಬಿ2 ಮುಗಿಸಿದ ಮೇಲೆ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಅರ್ಧ ದಿನದ ಉದ್ಯೋಗ ಸಿಕ್ಕಿತು. ಭಾಷೆಯಿಂದ ಪತಿಗೂ ಲಾಭವಿದೆ: ಬ್ಲೂ ಕಾರ್ಡಿನವರಿಗೆ 27 ತಿಂಗಳಿಗೆ ದೊರೆಯುವ ಕಾಯಂ ವಾಸದ ಪರವಾನಗಿ ಬಿ1 ಇದ್ದರೆ 21 ತಿಂಗಳಿಗೇ ದೊರೆಯುತ್ತದೆ.

ಮನೆಯೊಳಗೆ ಕಲಿಯಬೇಕಾದದ್ದೂ ಇದೆ. ಚಳಿಗಾಲದಲ್ಲಿ ಕುಕ್ಕರಿನ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಹೊರಹೋಗದೆ ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಹಲವು ಬಾರಿ, ಚಳಿಯಿದ್ದರೂ, ಕಿಟಕಿಗಳನ್ನು ಐದು ನಿಮಿಷ ಪೂರ್ತಿಯಾಗಿ ತೆರೆದು ಮುಚ್ಚಬೇಕು. ಈ ಸೀಮೆಯಲ್ಲಿ ಕೇರ್‌ವೋಹೆ ಎಂಬ ಸರದಿಯ ಪದ್ಧತಿಯೂ ಇದೆ: ಬಾಗಿಲಿಗೆ ಒಂದು ಫಲಕ ತಗುಲಿದರೆ ಆ ವಾರ ಮೆಟ್ಟಿಲು, ಹೊಸಿಲು, ಮನೆಯ ಮುಂದಿನ ದಾರಿ ಗುಡಿಸುವುದು ನಮ್ಮ ಪಾಲು. ಮಗಳು ಪುಟ್ಟ ಪೊರಕೆ ಹಿಡಿದು ಜೊತೆಗೆ ಬರುತ್ತಿದ್ದಳು, ಹಾಗೆ ಮೆಟ್ಟಿಲ ಮೇಲೆ ನಿಂತು ಆಡಿದ ಮಾತಿನಿಂದಲೇ ನೆರೆಹೊರೆಯವರ ಪರಿಚಯವಾಯಿತು. ಕೆಳಮನೆಯ ಹಿರಿಯರು ಈಗ ನಮಗೆ ಬಂದ ಪಾರ್ಸೆಲ್ ಇಟ್ಟುಕೊಳ್ಳುತ್ತಾರೆ, ನಾವು ಅವರ ಗಿಡಗಳಿಗೆ ನೀರು ಹಾಕುತ್ತೇವೆ.

ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ. ಮಾತೃಭಾಷೆಯನ್ನು ಬಿಡಬೇಡಿ ಎಂದು ಕಿಟಾದವರೇ ಹೇಳಿದರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಈ ಎಸ್ಲಿಂಗನ್‌ನಲ್ಲೇ, ನಿಘಂಟಿನ ಕಿಟ್ಟೆಲ್ ತೀರಿಕೊಂಡದ್ದು ಹತ್ತಿರದ ಟ್ಯೂಬಿಂಗನ್‌ನಲ್ಲಿ ಎಂದು ತಿಳಿದಾಗ ನನಗೆ ಈ ನೆಲದ ಮೇಲೆ ಮಮತೆ ಹುಟ್ಟಿತು. ಇಲ್ಲಿಂದ ಹೋದವರು ನಮ್ಮ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತಿರುವಾಗ, ನಾವು ಇಲ್ಲಿಯ ಭಾಷೆಯನ್ನು ಕಲಿಯಲೂಬಹುದು, ನಮ್ಮದನ್ನು ಉಳಿಸಿಕೊಳ್ಳಲೂಬಹುದು ಎಂದು ಮಗಳಿಗೆ ಹೇಳುತ್ತಿರುತ್ತೇನೆ.

ಈ ಬೇಸಿಗೆಗೆ ಅತ್ತೆ ಮಾವ ಬರುತ್ತಿದ್ದಾರೆ. ಸಂದರ್ಶಕರಿಗೆ 180 ದಿನಗಳಲ್ಲಿ 90 ದಿನದವರೆಗೆ ಇರಲು ಅವಕಾಶವಿದೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅವರ ವೆಚ್ಚಕ್ಕೆ ನಾವೇ ಹೊಣೆ ಎಂಬ ಘೋಷಣಾ ಪತ್ರವನ್ನು ವಿದೇಶೀಯರ ಕಚೇರಿಯಲ್ಲಿ ಮಾಡಿಸಿ ಅದರ ಮೂಲ ಪ್ರತಿಯನ್ನು ಊರಿಗೆ ಕಳಿಸಬೇಕಾದ್ದರಿಂದ, ಚಳಿಗಾಲದಲ್ಲೇ ಸಮಯ ನಿಗದಿ ಮಾಡಿಕೊಂಡೆವು. ವಿಮೆಯನ್ನು ಆಯುವಾಗ ವಯಸ್ಸಾದವರ ಹಳೆಯ ಕಾಯಿಲೆಗಳಿಗೆ ರಕ್ಷಣೆ ಎಷ್ಟು ಎಂಬ ಕಲಮನ್ನು ಓದಿಯೇ ಹಣ ಕಟ್ಟಿ, ಅವರ ಮಾತ್ರೆಗಳಿಗೆ ವೈದ್ಯರ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ಕೈಚೀಲದಲ್ಲಿಡಲು ಹೇಳಿ.