ಪವರ್ ಪ್ರೆಸ್ ಇರುವ ಸಣ್ಣ ಘಟಕಗಳ ಮಾಲೀಕರಿಗೆ ಒಂದು ಸಲಹೆ

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಪವರ್ ಪ್ರೆಸ್ (ಲೋಹದ ತಗಡನ್ನು ಒತ್ತಿ ಕತ್ತರಿಸುವ ಅಥವಾ ಆಕಾರ ಕೊಡುವ ಯಂತ್ರ) ನಡೆಸುವ ಮಾಲೀಕರು, ಹೊಸ ಕೆಲಸಗಾರರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಸುರಕ್ಷತಾ ತರಬೇತಿ ಮುಗಿಯಿತೆಂದು ಭಾವಿಸಬಾರದೆಂದು ವಿನಂತಿ. ತರಬೇತಿ ಯಂತ್ರದ ಮುಂದೆಯೇ, ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ ನಡೆಯಬೇಕು. ಒಡಿಶಾ, ಬಿಹಾರಗಳಿಂದ ಬಂದವರಿಗೆ ಕನ್ನಡದ ಫಲಕದಿಂದ ಪ್ರಯೋಜನವಿಲ್ಲ. ನೀವು ಹೇಳಿದ್ದನ್ನು ಆತನೇ ಮಾಡಿ ತೋರಿಸಲಿ: ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಬದಲಿಸುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುವುದು, ಸ್ವಿಚ್ ಆಫ್ ಆದ ಮೇಲೂ ತಿರುಗುತ್ತಲೇ ಇರುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಪೂರ್ತಿ ನಿಲ್ಲುವವರೆಗೆ ಕಾಯುವುದು, ಸಿಕ್ಕಿಕೊಂಡ ತುಂಡನ್ನು ಬೆರಳಿನಿಂದಲ್ಲದೆ ಇಕ್ಕಳದಿಂದ ತೆಗೆಯುವುದು. ಎರಡೂ ಕೈ ಅಚ್ಚಿನಿಂದ ದೂರವಿರಲೆಂದು ಒಟ್ಟಿಗೆ ಒತ್ತಬೇಕಾದ ಎರಡು ಗುಂಡಿಗಳಲ್ಲಿ, ವೇಗ ಹೆಚ್ಚಲೆಂದು ಒಂದನ್ನು ಟೇಪ್ ಸುತ್ತಿ ಒತ್ತಿಹಿಡಿಯುವ ಅಭ್ಯಾಸ ಎಲ್ಲರಿಗೂ ಗೊತ್ತಿರುವುದೇ. ಮೇಲ್ವಿಚಾರಕರು ಅದನ್ನು ಕಂಡೂ ಸುಮ್ಮನಿದ್ದರೆ ಯಾವ ತರಬೇತಿಯೂ ಫಲ ಕೊಡುವುದಿಲ್ಲ.

ಇಎಸ್ಐ (ನೌಕರರ ರಾಜ್ಯ ವಿಮೆ) ಇದೆಯಲ್ಲ ಎಂಬ ಧೈರ್ಯವೂ ಅರ್ಧ ಸತ್ಯ. ವೇತನದ ಮೇಲೆ ಮಾಲೀಕರು ಶೇ. 3.25, ಕೆಲಸಗಾರರು ಶೇ. 0.75 ಕಟ್ಟುವ ಈ ಯೋಜನೆಯು ಚಿಕಿತ್ಸೆಯ ಖರ್ಚನ್ನೂ ತಾತ್ಕಾಲಿಕ ಅಸಾಮರ್ಥ್ಯದ ಅವಧಿಯಲ್ಲಿ ವೇತನದ ಸುಮಾರು ಶೇ. 90ರಷ್ಟು ಮೊತ್ತವನ್ನೂ ಭರಿಸುತ್ತದೆ. ಆದರೆ ನಿಂತ ಪ್ರೆಸ್, ತಡವಾದ ಆರ್ಡರ್, ಹೊಸಬನು ಕೈ ಪಳಗಿಸಿಕೊಳ್ಳುವವರೆಗಿನ ಹಾಳು ಮಾಲು, ವಿಚಾರಣೆಗೆ ಹೋಗುವ ದಿನಗಳು, ಇವೆಲ್ಲವೂ ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ಬೆರಳು ಕಳೆದುಕೊಂಡವನ ನಷ್ಟವಂತೂ ಯಾವ ಲೆಕ್ಕಕ್ಕೂ ಸಿಗದು.

ಪ್ರತಿ ಪಾಳಿಯ ಆರಂಭದಲ್ಲಿ ಹತ್ತು ನಿಮಿಷ ಒಂದೇ ಒಂದು ಅಪಾಯದ ಬಗ್ಗೆ ಮಾತನಾಡಿ, ಹಿಂದಿನ ದಿನ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ಗದರಿಸದೆ ಕೇಳಿ ಬರೆದಿಟ್ಟುಕೊಳ್ಳಿ.